ಬಿಸಿಲುಹಾವಿನ ಹುರುಪೆ

ಬೆಂಕಿಯಿಲ್ಲದ ದೀಪ ಹೊತ್ತುವುದು ಮಂತ್ರದಿಂದ ಮಾತ್ರ, ಆ ಮಂತ್ರ ಬರುವುದು ತಮಾಲನೊಬ್ಬನಿಗೆ ಮಾತ್ರ. ಆ ಕಾಲದಲ್ಲಿ ಎಲ್ಲರೂ ನಂಬಿದ್ದು ಇದನ್ನೇ.

ಆ ಕಾಲವೆಂದರೆ ಬಹಳ ಹಿಂದೆ, ಕೊರಕಲಸೀಮೆ ಎಂಬ ರಾಜ್ಯದಲ್ಲಿ. ರಾಜ್ಯವೆಂದ ಮೇಲೆ ರಾಜನೂ ಇದ್ದ. ಅವನ ಬಗ್ಗೆ ಹೇಳುವಂಥದ್ದು ಇಷ್ಟೇ.

ಕೊರಕಲಸೀಮೆಗೆ ಸಂಜೆಯಾದರೆ ಮಸಿತೋಳಗಳು ಇಳಿದು ಬರುತ್ತಿದ್ದವು. ಮೊದಲು ಒಲೆಯ ಬೆಂಕಿ ತಿನ್ನುತ್ತಿದ್ದವು, ಆಮೇಲೆ ಒಲೆಯ ಮುಂದೆ ಕೂತವರನ್ನು. ಅವು ಹೆದರುತ್ತಿದ್ದುದು ತಣ್ಣನೆಯ ಬೆಳಕಿಗೆ. ಹೊಳೆಯಲ್ಲಿ ಮಿಣುಕುಹರಳು ಎಂಬ ಕಲ್ಲು ಬೇಕಾದಷ್ಟು ಸಿಗುತ್ತಿತ್ತು. ತಮಾಲ ಅದನ್ನು ಗುಡ್ಡದ ಮೇಲಿನ ತನ್ನ ಗೋಪುರಕ್ಕೆ ಒಯ್ದು, ಬಾಗಿಲು ಹಾಕಿಕೊಂಡು, ಹೊತ್ತಿಸಿ ಕೊಡುತ್ತಿದ್ದ. ಒಮ್ಮೆ ಹೊತ್ತಿದ ಹರಳು ವರ್ಷವಿಡೀ ಬೆಳಗುತ್ತಿತ್ತು, ತೋಳಗಳು ದೂರ ನಿಲ್ಲುತ್ತಿದ್ದವು.

ಅದಕ್ಕೆ ಬದಲಾಗಿ ಅವನು ವರ್ಷಕ್ಕೊಬ್ಬರನ್ನು ಕೇಳುತ್ತಿದ್ದ. ಬಂದವರನ್ನು ಗುಡ್ಡದ ಇಳಿಜಾರಿನಲ್ಲಿ ಒಬ್ಬರ ಕೆಳಗೊಬ್ಬರಂತೆ ಕೂರಿಸಿ ಕಲ್ಲು ಮಾಡುತ್ತಿದ್ದ. ಅವರ ಹೆಗಲೇ ಗೋಪುರಕ್ಕೆ ಮೆಟ್ಟಿಲು. ಮೆಟ್ಟಿಲ ಸಾಲು ವರ್ಷದಿಂದ ವರ್ಷಕ್ಕೆ ಊರಿನ ಹತ್ತಿರ ಬರುತ್ತಿತ್ತು. ಇದರಿಂದ ಪ್ರಜೆಗಳಿಗೆ ಹೋಗಿಬರಲು ಅನುಕೂಲವಾಯಿತೆಂದು ಮಂತ್ರಿಗಳು ಹೇಳಿದರು. ತಮಾಲನೊಬ್ಬನನ್ನು ಬಿಟ್ಟು ಯಾರೂ ಹೋಗಿಬರಲಿಲ್ಲ.

ಆ ವರ್ಷ ಸರದಿ ಕಲಾಯಿಗಾರರ ಕೇರಿಯದು. ಅಲ್ಲಿ ಕೇತ ಎಂಬ ಹುಡುಗ ಹಂಡೆ, ತಪ್ಪಲೆಗಳಿಗೆ ತವರ ಬಳಿದು ಬದುಕುತ್ತಿದ್ದ. ಅವನನ್ನು ಸಾಕಿದವಳು ಅಕ್ಕ ಮಾಚಲೆ. ಕೇರಿಯವರು ಕೇತನ ಕಡೆ ನೋಡುವ ಮೊದಲೇ ಅವಳು ಹೋಗಿ ಕೊನೆಯ ಮೆಟ್ಟಿಲ ಕೆಳಗೆ ಕೂತಿದ್ದಳು. ತಮಾಲ ಮಂತ್ರ ಹೇಳಿದ. ಅವಳ ಪಾದ ಕಲ್ಲಾಯಿತು. ಉಳಿದದ್ದು ನಿಧಾನವಾಗಿ ಏರುತ್ತದೆ ಎಂದ.

ಕೇತ ಓಡಿ ಬಂದ. "ಬೆಂಕಿಯಿಲ್ಲದ ದೀಪ ನಾನು ಹೊತ್ತಿಸಿದರೆ ನಮ್ಮಕ್ಕನನ್ನು ಬಿಡ್ತೀರಾ, ಸ್ವಾಮಿ?"

"ಬಿಡದೆ ಏನು? ಹೊತ್ತಿಸಯ್ಯ," ಎಂದ ತಮಾಲ. "ಹಂಡೆಗೆ ಕಲಾಯಿ ಹಾಕಿದಷ್ಟೇ ಸುಲಭ."

ಸುತ್ತ ನಿಂತವರು ನಕ್ಕರು. ನಗುವುದಕ್ಕೆ ಕಾರಣವಿತ್ತು. ಪೂರ್ವದ ಶಿಖರದಲ್ಲಿ ಬಿಸಿಲು ತಿಂದು ಬದುಕುವ ಹಾವೊಂದಿತ್ತು. ಅದು ಕಳಚಿದ ನೀಲಿ ಹುರುಪೆಯೊಂದನ್ನು ಬಿಸಿಲಿಗಿಟ್ಟು, ಹುರುಪೆಯ ಬಿಸಿಲು ಕಾಣುವ ಮುಖಕ್ಕೊಂದು ಬೆನ್ನಿಗೊಂದು ತಾಮ್ರದ ತಂತಿ ಮುಟ್ಟಿಸಿ, ತುದಿಗಳನ್ನು ನಾಲಿಗೆಗಿಟ್ಟರೆ ಚುರ್ ಎನ್ನುತ್ತಿತ್ತು. ಬಿಸಿಲಿನ ಸತ್ವ ಅದರಲ್ಲಿದೆ ಎಂದು ಎಲ್ಲರಿಗೂ ಗೊತ್ತು. ಒಂದರ ಸತ್ವ ಹರಳಿಗೆ ಸಾಲದು, ಹಲವನ್ನು ಸೇರಿಸಬೇಕು. ಪ್ರತಿ ತಲೆಮಾರಿನಲ್ಲೂ ಯಾರಾದರೊಬ್ಬರು ಸೇರಿಸಿ ನೋಡಿದ್ದರು. ಹರಳು ಹೊತ್ತಿರಲಿಲ್ಲ. ಆದ್ದರಿಂದ ಮಂತ್ರವೇ ಎಂದು ತೀರ್ಮಾನವಾಗಿತ್ತು.

ಕೇತ ಶಿಖರ ಹತ್ತಿದ. ಹಾವು ಬಂಡೆಯ ಮೇಲೆ ಹಗ್ಗದ ರಾಶಿಯಂತೆ ಬಿದ್ದಿತ್ತು.

"ಹುರುಪೆ ಬೇಕು," ಎಂದ ಕೇತ.

"ತಗೋ. ನಿನ್ನ ನೆರಳು ಕೊಟ್ಟು ಹೋಗು."

ಕೇತ ನೆರಳು ಕೊಟ್ಟ. ಹಾವು ಅದನ್ನು ನುಂಗಿತು. ಮಡಿಲ ತುಂಬ ಹುರುಪೆ ತಂದು ಅಕ್ಕನ ಪಕ್ಕದಲ್ಲೇ ಕುಲುಮೆ ಹೂಡಿದ. ತಾಮ್ರದ ಪಟ್ಟಿಗೆ ತವರ ಬಳಿದ, ಹುರುಪೆಗೆ ರಾಳ ಸವರಿದ, ಕಬ್ಬಿಣದ ಕಡ್ಡಿಯನ್ನು ಕೆಂಪಗೆ ಕಾಯಿಸಿ ಒತ್ತಿದ. ಹುರುಪೆ ಹಪ್ಪಳದಂತೆ ಪುಡಿಯಾಯಿತು. ಮುಂದಿನದೂ ಪುಡಿಯಾಯಿತು. ಹಂಡೆಗೆ ಒಗ್ಗಿದ ಕೈ. ಮಡಿಲು ಖಾಲಿಯಾಗುವವರೆಗೂ ಒತ್ತಿ ಒತ್ತಿ ಒಡೆದ.

ಮಾಚಲೆಗೆ ಕಲ್ಲು ಸೊಂಟದವರೆಗೆ ಬಂದಿತ್ತು.

"ಅಡಿಗೆಮನೆಯಲ್ಲೂ ನೀನು ಹೀಗೇ," ಎಂದಳು. "ರೊಟ್ಟಿ ತಟ್ಟು ಅಂದರೆ ಹೊಡೀತಿದ್ದೆ."

"ಸುಮ್ಮನಿರಕ್ಕ."

"ಸುಮ್ಮನೆ ಇರೋದೇ ಈಗ ನನ್ನ ಕೆಲಸ. ಕಡ್ಡಿ ಅಷ್ಟು ಕಾಯಿಸಬೇಡ. ಮುಟ್ಟಿಸಿ ತೆಗೆ."

ಕೇತ ಮತ್ತೆ ಶಿಖರ ಹತ್ತಿದ.

"ಹುರುಪೆ ಬೇಕು."

"ತಗೋ. ನಿನ್ನ ನಿದ್ದೆ ಕೊಟ್ಟು ಹೋಗು."

ಕೇತ ನಿದ್ದೆ ಕೊಟ್ಟ. ಈ ಸಲ ಕಡ್ಡಿಯ ಕೆಂಪು ಆರಿದ ಮೇಲೆ ಮುಟ್ಟಿಸಿದ. ತವರ ಕರಗಿ ಹರಿಯಿತು, ಹುರುಪೆ ಒಡೆಯಲಿಲ್ಲ. ಮರದ ಹಲಗೆಯ ಮೇಲೆ ಸಾಲುಸಾಲಾಗಿ ಬೆಸೆದ. ಒಂದರ ಮುಖಕ್ಕೆ ಮುಂದಿನದರ ಮುಖ, ಅದರ ಬೆನ್ನಿಗೆ ಅದರಾಚೆಯದರ ಬೆನ್ನು.

ಬೇರೆ ರೀತಿ ಅವನಿಗೆ ತೋಚುವಂತಿರಲಿಲ್ಲ. ಕೊರಕಲಸೀಮೆಯಲ್ಲಿ ಒಬ್ಬರ ಬೆನ್ನಿಗೆ ಇನ್ನೊಬ್ಬರು ಮುಖ ಮಾಡಿ ನಿಲ್ಲುತ್ತಿದ್ದುದು ಹೆಣ ಹೊರುವಾಗ ಮಾತ್ರ. ಊಟಕ್ಕೆ ಎದುರುಬದುರು ಕೂರುತ್ತಿದ್ದರು, ಮನೆಗಳನ್ನು ಎದುರುಬದುರು ಕಟ್ಟುತ್ತಿದ್ದರು, ಕಪಾಟಿನಲ್ಲಿ ತಪ್ಪಲೆಗಳ ಹಿಡಿಗಳನ್ನೂ ಎದುರುಬದುರು ಇಡುತ್ತಿದ್ದರು. ಸಂತೆಯಲ್ಲಿ ಸಾಲು ನಿಲ್ಲುವ ಪದ್ಧತಿಯೇ ಇರಲಿಲ್ಲ. ಆದ್ದರಿಂದ ಸಂತೆಯಲ್ಲಿ ದಿನಾ ಜಗಳ.

ಹಲಗೆಯನ್ನು ಬಿಸಿಲಿಗಿಟ್ಟು ತಂತಿಗಳನ್ನು ಹರಳಿಗೆ ಮುಟ್ಟಿಸಿದ. ಒಂದು ಹುರುಪೆ ಕೊಟ್ಟದ್ದನ್ನು ಪಕ್ಕದ್ದು ನುಂಗಿತು. ಹರಳು ಹೊತ್ತಲಿಲ್ಲ.

ಗುಂಪಿನಲ್ಲಿದ್ದ ಮುದುಕನೊಬ್ಬ, "ನಮ್ಮಜ್ಜನೂ ಥೇಟ್ ಹೀಗೇ ಮಾಡಿದ್ದ," ಎಂದ. ಸಮಾಧಾನ ಹೇಳುತ್ತಿದ್ದೇನೆಂದು ಅವನು ತಿಳಿದಿದ್ದ.

ಕಲ್ಲು ಎದೆ ದಾಟಿ ಕುತ್ತಿಗೆಗೆ ಬಂತು. ಮಾಚಲೆಗೆ ಇನ್ನು ತಲೆ ತಿರುಗಿಸಲಾಗುತ್ತಿರಲಿಲ್ಲ. ಎದುರಿಗೆ ಹೋದ ವರ್ಷ ಕಲ್ಲಾದವನ ಬೆನ್ನು. ಅದರಾಚೆ ಅದಕ್ಕೂ ಹಿಂದಿನ ವರ್ಷದವನ ಬೆನ್ನು. ಗೋಪುರದವರೆಗೂ ಬೆನ್ನುಗಳು.

"ಕೇತ, ನಾವೆಲ್ಲ ಇಲ್ಲಿ ಹೇಗೆ ಕೂತಿದೀವಿ ನೋಡಿದೆಯಾ?"

"ನೋಡಲ್ಲ."

"ನೋಡು. ಎಲ್ಲರ ಮುಖವೂ ಇನ್ನೊಬ್ಬರ ಬೆನ್ನಿಗೆ. ಇವನ್ಯಾರೋ, ಇವನ ಕುತ್ತಿಗೆಯ ಮಚ್ಚೆ ಸಮೇತ ನನಗೆ ಬಾಯಿಪಾಠ ಆಗಿದೆ. ನಿನ್ನ ಹುರುಪೆಯನ್ನೂ ಹೀಗೆ ಬೆಸೆ."

"ಹೆಣದ ಸಾಲಿನ ಥರ ಬೆಸೀಲಾ? ನೀನು ಬದುಕಿರುವಾಗಲೇ?"

"ನಿನ್ನ ಮರ್ಯಾದೆಯ ಬೆಸುಗೆ ಮಾಡಿ ಆಯ್ತಲ್ಲ? ಹತ್ತಿತಾ?"

ಕೇತ ಅಳುತ್ತ ನಿಂತ.

"ನಾನು ಕೂತಿರೋದು ಚಟ್ಟದ ಮೇಲೆಯೇ ಕಣೋ," ಎಂದಳು ಮಾಚಲೆ. "ಅಪಶಕುನಕ್ಕೆ ಇನ್ನು ಮಾಡೋದೇನೂ ಉಳಿದಿಲ್ಲ. ಹೋಗು, ಹಗಲು ಇಳೀತಿದೆ."

ಕೇತ ಮೂರನೆಯ ಸಲ ಶಿಖರ ಹತ್ತಿದ.

"ಹುರುಪೆ ಬೇಕು."

"ತಗೋ. ನಿನ್ನ ನಗು ಕೊಟ್ಟು ಹೋಗು."

"ತಗೋ," ಎಂದ ಕೇತ. "ಅದರಿಂದ ಈಗ ಏನೂ ಆಗಬೇಕಿಲ್ಲ."

"ಬಂದವರೆಲ್ಲ ಹಾಗೇ ಅಂತಾರೆ," ಎಂದಿತು ಹಾವು, ಮತ್ತು ನುಂಗಿತು.

ಈ ಸಲ ಅವನು ಒಂದರ ಮುಖದ ಪಟ್ಟಿಯನ್ನು ಮುಂದಿನದರ ಬೆನ್ನಿಗೆ ಬೆಸೆದ, ಅದರ ಮುಖದ್ದನ್ನು ಅದರಾಚೆಯದರ ಬೆನ್ನಿಗೆ. ನೋಡಲಾರದೆ ಜನ ಹಿಂದೆ ಸರಿದರು. ಒಬ್ಬಳು ಸೆರಗಿನಿಂದ ಮಗುವಿನ ಕಣ್ಣು ಮುಚ್ಚಿದಳು. ಹಲಗೆಯನ್ನು ಉಳಿದಿದ್ದ ಬಿಸಿಲಿಗೆ ಎತ್ತಿ ಹಿಡಿದು ತಂತಿ ಮುಟ್ಟಿಸಿದ.

ಹರಳು ಹೊತ್ತಿತು.

"ಹತ್ತಿತೇನೋ?" ಎಂದಳು ಮಾಚಲೆ. ಅವಳಿಗೆ ಕಾಣುತ್ತಿದ್ದುದು ಮುಂದಿನವನ ಬೆನ್ನು ಮಾತ್ರ.

"ಹತ್ತಿತಕ್ಕ."

"ಹೌದು. ಇವನ ಮಚ್ಚೆ ಬೆಳ್ಳಗೆ ಕಾಣ್ತಿದೆ."

ತಮಾಲ ತನ್ನ ಹರಳನ್ನು ಕೈಯಲ್ಲಿ ಹಿಡಿದು ಮೆಟ್ಟಿಲಿಳಿದು ಬಂದ. ಕೇತನ ಹರಳನ್ನು ನೋಡಿದ, ಹಲಗೆಯನ್ನು ನೋಡಿದ.

"ಅಕ್ಕನನ್ನು ಬಿಡಿ," ಎಂದ ಕೇತ.

"ಕಲ್ಲು ಮಾಡೋದು ಬರುತ್ತದಯ್ಯ. ತಿರುಗಿ ಮನುಷ್ಯರನ್ನು ಮಾಡೋದು ಬರೋದಿಲ್ಲ."

"ಮಾತು ಕೊಟ್ಟಿದ್ದಿರಿ!"

"ಕೊಟ್ಟಿದ್ದೆ. ಯಾರಾದರೂ ಹೊತ್ತಿಸುತ್ತಾರೆ ಅಂದುಕೊಂಡಿರಲಿಲ್ಲ."

ಕೇತ ಅವನ ಕೊರಳಿಗೆ ಕೈ ಹಾಕಿದ. ತಮಾಲ ಮಂತ್ರ ಹೇಳಿದ. ಕೇತನಿಗೆ ಏನೂ ಆಗಲಿಲ್ಲ. ಮತ್ತೆ ಹೇಳಿದ. ಆ ಮಂತ್ರ ತಾವಾಗಿ ಬಂದು ಕೂತವರ ಮೇಲೆ ಮಾತ್ರ ನಡೆಯುತ್ತಿತ್ತು. ಅಷ್ಟು ವರ್ಷಗಳಲ್ಲಿ ಕೂರದೆ ಅವನಿಗೆ ಎದುರು ನಿಂತವರು ಯಾರೂ ಇರಲಿಲ್ಲ.

ಜನ ತಮಾಲನ ಕೈಯ ಹರಳನ್ನು ಕಿತ್ತುಕೊಂಡರು. ಹೊತ್ತು ಮುಳುಗುತ್ತಿತ್ತು. ಎಲ್ಲರೂ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ತಮಾಲ ಗೋಪುರದ ಕಡೆ ಓಡಿದ. ಮೆಟ್ಟಿಲನ್ನು ಅಷ್ಟು ಉದ್ದ ಮಾಡಿಸಿದವನು ಅವನೇ. ಮಸಿತೋಳಗಳು ಬರುವುದರೊಳಗೆ ಹತ್ತಿ ಮುಗಿಸಲು ಆಗಲಿಲ್ಲ.

ಕೇತ ಹೊತ್ತಿದ ಹರಳನ್ನಿಟ್ಟುಕೊಂಡು ಅಕ್ಕನ ಪಕ್ಕದಲ್ಲೇ ಉಳಿದ. ಕಲ್ಲು ಗದ್ದಕ್ಕೆ ಬಂತು.

"ಊಟ ಮಾಡು," ಎಂದಳು ಮಾಚಲೆ.

"ಮಾಡ್ತೀನಿ."

"ಸುಳ್ಳು ಹೇಳ್ತೀಯ," ಎಂದಳು. ಆಮೇಲೆ ಅವಳು ಮಾತಾಡಲಿಲ್ಲ.

ಆ ವರ್ಷವೇ ಮನೆಮನೆಯಲ್ಲೂ ಹಲಗೆಗಳಾದವು. ಹುರುಪೆಗಾಗಿ ಜನ ತಂಡತಂಡವಾಗಿ ಶಿಖರ ಹತ್ತಿದರು, ನೆರಳಿಲ್ಲದೆಯೋ ನಿದ್ದೆಯಿಲ್ಲದೆಯೋ ಇಳಿದರು. ಮುಖಕ್ಕೆ ಬೆನ್ನು ಬೆಸೆಯುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಕೈ ಸುಟ್ಟುಕೊಂಡರು, ಆದರೂ ಬೆಸೆದರು. ಮಸಿತೋಳಗಳು ಬೇರೆ ರಾಜ್ಯ ಹುಡುಕಿಕೊಂಡು ಹೋದವು. ರಾಜ ಹಬ್ಬ ಸಾರಿದ. ಕೊರಕಲಸೀಮೆಯವರು ಸುಖವಾಗಿದ್ದರು. ಕಲ್ಲಾದವರು ಕಲ್ಲಾಗಿಯೇ ಇದ್ದರು.

ಅಕ್ಕನನ್ನು ತಿರುಗಿ ಮನುಷ್ಯಳನ್ನು ಮಾಡುವ ಉಪಾಯವೇನಾದರೂ ಗೋಪುರದಲ್ಲಿ ಸಿಕ್ಕೀತೆಂದು ಕೇತ ಹೊರಟ. ಹೆಗಲುಗಳನ್ನು ತುಳಿಯದೆ, ಪಕ್ಕದ ಮುಳ್ಳುಕಂಟಿಯಲ್ಲಿ ಕಾಲು ಸೀಳಿಕೊಂಡು ಹತ್ತಿದ. ಬಾಗಿಲು ತೆರೆದಿತ್ತು. ಒಳಗೆ ಒಂದು ಮಂಚ, ಒಂದು ತಟ್ಟೆ, ಒಂದು ನೀರಿನ ಹೂಜಿ. ಕೋಣೆಯ ಮೂಲೆಮೂಲೆ ತಡಕಿದ. ಉಪಾಯವೇನೂ ಇರಲಿಲ್ಲ. ಏಣಿ ಹತ್ತಿ ಮಾಳಿಗೆಗೆ ಹೋದ.

ಮಾಳಿಗೆಯ ಮೇಲೆ, ಬಿಸಿಲಿಗೆ ಮುಖ ಮಾಡಿ, ನೀಲಿ ಹುರುಪೆಗಳನ್ನು ಮುಖಕ್ಕೆ ಬೆನ್ನು ಸೇರಿಸಿ ತವರದಲ್ಲಿ ಬೆಸೆದ ಹಳೆಯ ಹಲಗೆಯೊಂದಿತ್ತು.