ಹೊಸ ಅಕ್ಕಿಯ ಊಟಕ್ಕೆ ಮೂವರು

“ಸೆರಗಿನಡಿ ಇರುವ ಕೈ ತೋರಿಸು,” ಎಂದ ಲಿಗೋರಿ.

ಸೆರಾಫಿನಳ ಮುಖ ಕೆಂಪಾಯಿತು. ಬೆಳುವಾಯಿಯ ಆ ಅಂಗಳಕ್ಕೆ ಅವಳು ಕೆಲಸ ಕೇಳಿಕೊಂಡು ಬಂದಿದ್ದಳು. ಕಳ್ಳಿಯ ಹಾಗೆ ನಿಲ್ಲಬೇಕಾದೀತೆಂದು ಎಣಿಸಿರಲಿಲ್ಲ.

“ಕದ್ದದ್ದೇನೂ ಇಲ್ಲ,” ಎಂದು ಕೈ ಹೊರತೆಗೆದಳು.

೧೯೬೧ರ ಬೇಸಿಗೆಯಲ್ಲಿ, ಬಂಟ್ವಾಳದ ಹೆಂಚಿನ ಕಾರ್ಖಾನೆಯೊಂದರ ಯಂತ್ರ ಆ ಬಲಗೈಯ ನಾಲ್ಕು ಬೆರಳು ತಿಂದಿತ್ತು.

ಲಿಗೋರಿ ಕಣ್ಣು ತಪ್ಪಿಸಲಿಲ್ಲ. “ಈಗಲೂ ನೋಯ್ತದಾ?” ಎಂದ.

ಆ ಪ್ರಶ್ನೆಯನ್ನು ಅವಳ ಅಣ್ಣ ಕೂಡ ಕೇಳಿರಲಿಲ್ಲ... ಸಂಬಳ ತರುವಷ್ಟು ಕಾಲ ಅವಳು ತಂಗಿ. ಬೆರಳು ಹೋದ ಮೇಲೆ ದಂಡಕ್ಕೆ ಉಣ್ಣುವವಳು. ಕೂತು ತಿನ್ನುವವರಿಗೆ ಇಲ್ಲಿ ಜಾಗವಿಲ್ಲವೆಂದು, ಅವಳು ತುತ್ತು ಎತ್ತುವಾಗಲೇ ಹೇಳಿದ್ದ.

ಲಿಗೋರಿ ಮೂವತ್ತು ದಾಟಿದರೂ ಮದುವೆಯಾಗದ ಬೇಸಾಯಗಾರ. ಪಾರ್ಶ್ವವಾಯು ಬಡಿದು ಮಂಚ ಹಿಡಿದ ತಾಯಿ ನತಾಲಿಯಾಳನ್ನು ನೋಡಿಕೊಳ್ಳಲು ಜನ ಬೇಕಿತ್ತು. ಸೆರಾಫಿನ್ ಉಳಿದಳು.

ಹೇಳಿದ ಕೆಲಸದ ಜೊತೆ ಹೇಳದ್ದನ್ನೂ ಮಾಡಿದಳು. ಎಡಗೈಯಲ್ಲೇ ಹುಲ್ಲು ಕೊಯ್ದಳು, ನೀರು ಸೇದಿದಳು. ಜ್ವರ ಬಂದರೂ ಬಾಯಿ ಬಿಡಲಿಲ್ಲ. ಎಲ್ಲರ ಊಟವಾದ ಮೇಲೆ ಒಬ್ಬಳೇ ಉಣ್ಣುತ್ತಿದ್ದಳು. ದೇವರೂ ದುಡಿದಷ್ಟೇ ಅಳೆದು ಕೊಡುವ ಧಣಿಯೆಂದು ಅವಳ ನಂಬಿಕೆ. ಕೈ ನಿಂತರೆ ಇಲ್ಲಿಂದಲೂ ಹೊರಗೆ...

ಲಿಗೋರಿಯ ದನಿ ಕೇಳಿದರೆ ಎದೆ ಹಗುರಾಗುತ್ತಿತ್ತು. ಆಳಿಗೆ ಅಂಥ ಆಸೆ ಯಾಕೆಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಹೊಸ ತೆನೆಯ ಮೊಂತಿ ಹಬ್ಬದ ಮುನ್ನಾದಿನ, ಅವಳ ಎಡ ಅಂಗೈ ಒಡೆದು ರಕ್ತ ಸೋರುವುದನ್ನು ಕಂಡ ಲಿಗೋರಿ ಹುಲ್ಲು ಕೊಯ್ಯುವ ಕತ್ತಿ ಕಿತ್ತುಕೊಂಡ. ನಾಳೆಯಿಂದ ಹುಲ್ಲಿಗೆ, ನೀರಿಗೆ ಹುಕ್ರಪ್ಪ ಬರುತ್ತಾನೆಂದು ಹೇಳಿ ಹೋದ.

ತನ್ನ ಜಾಗಕ್ಕೆ ಬೇರೆ ಆಳು! ಸೆರಾಫಿನ್ ಬಟ್ಟೆ ಗಂಟು ಕಟ್ಟಿದಳು.

ಮರುದಿನ ಲಿಗೋರಿ ಇಗರ್ಜಿಯಲ್ಲಿ ಪಾದ್ರಿಗಳಿಂದ ಪವಿತ್ರ ಮಾಡಿಸಿದ ಭತ್ತದ ತೆನೆ ತಂದ. ಹೊಸ ಕಾಳು ಸುಲಿದು, ಅರೆದು, ತೆಂಗಿನಹಾಲಿಗೆ ಬೆರೆಸಿದ. ಹಬ್ಬದ ಊಟಕ್ಕೆ ಮೊದಲು ಮನೆಯವರೆಲ್ಲ ಒಟ್ಟಿಗೆ ಕೂತು ಸವಿಯುವಂಥದ್ದು ಅದು. ತಾಯಿಯ ಮಂಚದ ಪಕ್ಕ ಎರಡು ಮಣೆ ಹಾಕಿದ.

“ಯಾರು ಬರ್ಲಿಕ್ಕುಂಟು?” ಗಂಟು ಹಿಡಿದು ಬಾಗಿಲಲ್ಲಿ ನಿಂತ ಸೆರಾಫಿನ್ ಕೇಳಿದಳು.

“ನೀನು.”

“ನನ್ನ ಕೆಲಸಕ್ಕೆ ಜನ ಸಿಕ್ಕಿತಲ್ಲ.”

“ಕೆಲಸಕ್ಕೆ ಸಿಕ್ಕಿತು. ನಿನಗೆ ಬದಲಿ ಎಲ್ಲಿಂದ ತರುವುದು ಮಾರಾಯ್ತಿ?”

ಅವಳು ಒಡೆದ ಎಡ ಅಂಗೈ ಚಾಚಿದಳು. “ನಾಳೆ ಈ ಕೈಯೂ ಹೋದರೆ?”

ಉತ್ತರ ಮಂಚದಿಂದ ಬಂತು, ತೊದಲುತ್ತ. “ನನ್ನ ಕೈಕಾಲು ಹೋಗಿ ಎಷ್ಟು ಕಾಲ ಆಯ್ತು ಮಗಾ... ಮೈ ಒರೆಸುವುದೂ ನೀನು. ಆದರೂ ಈ ಮನೆಯಲ್ಲಿ ಮೊದಲು ಬಡಿಸುವುದು ನನಗೆ. ದೇವರು ಮಕ್ಕಳನ್ನು ಸಂಬಳಕ್ಕೆ ಇಟ್ಟುಕೊಂಡದ್ದಲ್ಲ. ಬೇಗ ಕೂತ್ಕೊ, ನನಗೆ ಹಸಿವಾಗ್ತದೆ.”

ಗಂಟು ಕೆಳಗಿಟ್ಟು ಸೆರಾಫಿನ್ ಕೂತಳು. ಲಿಗೋರಿ ಪ್ರಾರ್ಥನೆ ಹೇಳಿದ. ಅವಳು ಎಡಗೈಯಲ್ಲಿ ಮೊದಲ ಗುಟುಕು ಕುಡಿದಳು. ಎರಡನೆಯದಕ್ಕೆ ಮೊದಲೇ ಅತ್ತುಬಿಟ್ಟಳು.

ಅವಳ ಅಳು ನಿಲ್ಲುವವರೆಗೆ ಲಿಗೋರಿ ಕಾದ.

“ಆದಿತ್ಯವಾರ ಇಗರ್ಜಿಯಲ್ಲಿ ಮದುವೆಗೆ ನಮ್ಮ ಹೆಸರು ಓದಿಸಲಾ?”

“ನನ್ನ ಕಡೆಯಿಂದ ಯಾರೂ ಬರ್ಲಿಕ್ಕಿಲ್ಲ.”

“ನೀನು ಬರ್ತೀಯಾ?”

“ಬರ್ತೇನೆ.”