ಪಾರುಲಳಿಗೆ ಬಾರದ ‘ಈ’

“ಮೈ ಆ ಗಯಾ!”

ಬಾಗಿಲಲ್ಲಿ ನಿಂತು ಪಾರುಲ್ ಹಾಗಂದಾಗ ನಾನು ಕಿಸಕ್ಕನೆ ನಕ್ಕುಬಿಟ್ಟೆ. ಹಸಿರು ಕೈಮಗ್ಗದ ಸೀರೆ, ಜಡೆಗೆ ದುಂಡುಮಲ್ಲಿಗೆ, ಬಾಯಲ್ಲಿ ಮಾತ್ರ ಗಂಡಸಿನ ಹಿಂದಿ!

“ಯಾರು ನಕ್ಕಿದ್ದು?”

“ನಾನೇ. ಸುಖಮಯ ಭಾದುಡಿ. ನಿಮಗೆ ಹಿಂದಿ ಕಲಿಸೋಕೆ ಸ್ಟುಡಿಯೋದವರು ಇಟ್ಟಿರೋ ಮೇಷ್ಟ್ರು.”

“ಓಹೋ! ಕಲಿಸೋದು ಹಿಂದಿನೋ, ಹಲ್ಲು ಬಿಡೋದೋ?”

ಟಾಲಿಗಂಜಿನ ಸಿನಿಮಾ ಸ್ಟುಡಿಯೋದಲ್ಲಿ ನಮ್ಮ ಮೊದಲ ಮಾತು ಇದು. ನಾನು ಬೆಳೆದದ್ದು ಕಾಶಿಯ ಬಂಗಾಳಿ ಓಣಿಯಲ್ಲಿ, ಹಿಂದಿ ನನಗೆ ನೀರು ಕುಡಿದಷ್ಟು ಸಲೀಸು. ಅವಳು ಚಂದನನಗರದ ಹುಡುಗಿ, ಬಂಗಾಳಿ ಚಿತ್ರಗಳ ನಟಿ. ನಮ್ಮ ಬಂಗಾಳಿಯಲ್ಲಿ ಗಂಡು ಬಂದರೂ ಹೆಣ್ಣು ಬಂದರೂ ಮಾತು ಒಂದೇ. ಹಿಂದಿಯಲ್ಲಿ ಬಂದೆ ಅನ್ನೋಕೆ ಗಂಡು ‘ಆ ಗಯಾ’ ಅಂದರೆ ಹೆಣ್ಣು ‘ಆ ಗಯೀ’ ಅನ್ನಬೇಕು, ಕೊನೆಗೆ ‘ಈ’ ಬರಬೇಕು. ಅದೇ ಅವಳಿಗೆ ಬಾರದು.

ದೇಶ ಒಡೆದ ಮೇಲೆ ಪೂರ್ವ ಬಂಗಾಳದ ಟಾಕೀಸುಗಳು ನಮ್ಮ ಕೈ ತಪ್ಪಿದ್ದವು. ನಮ್ಮೂರಿನ ಟಾಕೀಸುಗಳಲ್ಲೂ ಬೊಂಬಾಯಿ ಚಿತ್ರಗಳಿಗೇ ನೂಕುನುಗ್ಗಲು. ಸ್ಟುಡಿಯೋದಲ್ಲಿ ಶೂಟಿಂಗ್ ನಡೆಯೋ ಎರಡು ಫ್ಲೋರಲ್ಲಿ ಒಂದಕ್ಕೆ ಬೀಗ ಬಿದ್ದಿತ್ತು. ಅಂಥ ಹೊತ್ತಲ್ಲಿ ಬೊಂಬಾಯಿಯ ನಿರ್ಮಾಪಕನೊಬ್ಬ ಪಾರುಲಳ ಮುಖ ಮೆಚ್ಚಿದ್ದ. ಚಳಿಗಾಲಕ್ಕೆ ಬಂದು ಕ್ಯಾಮೆರಾ ಮುಂದೆ ನಿಲ್ಲಿಸಿ ಟೆಸ್ಟ್ ತೆಗೀತೀನಿ, ಹಿಂದಿ ಸರಿಯಿದ್ದರೆ ಕರಕೊಂಡು ಹೋಗ್ತೀನಿ ಅಂದಿದ್ದ. ನಾನು ಚೆನ್ನಾಗಿ ಕಲಿಸಿದಷ್ಟೂ ಅವಳು ದೂರ ಹೋಗ್ತಾಳೆ. ನನ್ನ ಹಣೆಬರಹ ನೋಡಿ!

ಟೆಸ್ಟಿಗೆ ಕೊಟ್ಟಿದ್ದ ಮಾತು ಒಂದೇ. ಗಂಡನ ಮನೆ ಬಿಟ್ಟು ಹೊರಟವಳು “ಮೈ ಜಾ ರಹೀ ಹೂಂ” ಅನ್ನಬೇಕು. ನಾನು ಹೋಗ್ತಿದ್ದೀನಿ, ಅಷ್ಟೇ.

“ಥೂ, ಬಿಡ್ತು ಅನ್ನಿ!” ಅಂದಳು. “ಹೊರಡುವಾಗ ಯಾರಾದ್ರೂ ಹೋಗ್ತೀನಿ ಅಂತಾರಾ? ಬರ್ತೀನಿ ಅನ್ಬೇಕು. ಅಮ್ಮ ಕೇಳಿದ್ರೆ ಬಾಯಿಗೆ ಬರೆ ಹಾಕ್ತಾಳೆ.”

“ಹಿಂದಿಯಲ್ಲಿ ಹೋಗೋರು ಹೋಗ್ತೀನಿ ಅಂತಲೇ ಅಂತಾರೆ. ಹೇಳಿ.”

“ಮೈ ಜಾ ರಹಾ ಹೂಂ.”

“ರಹೀ.”

“ರಹಾ.”

ಮಣ್ಣಿನ ಕುಡಿಕೆಯ ಚಹಾ ಊದುತ್ತಾ, ಹಬೆಯ ಮೇಲಿಂದ ಓರೆಗಣ್ಣಲ್ಲಿ ನೋಡಿದಳು. ತುಟಿಯ ಮೂಲೆಯಲ್ಲಿ ನಗು. ಕಳ್ಳಿ! ಅಷ್ಟೊತ್ತಿಗೆ ಅವಳಿಗೆ ‘ಈ’ ಬರುತ್ತಿತ್ತು.

“ಬೇಕಂತಲೇ ತಪ್ಪು ಹೇಳ್ತಿದ್ದೀರ.”

“ಸರಿ ಹೇಳಿದ್ರೆ ಪಾಠ ಮುಗಿದುಹೋಗುತ್ತಲ್ಲ, ಮೇಷ್ಟ್ರೇ.”

ಆ ದಿನದಿಂದ ನನಗೆ ಊಟ ರುಚಿಸಲಿಲ್ಲ, ನಿದ್ದೆ ಹತ್ತಲಿಲ್ಲ.

ಟೆಸ್ಟಿನ ಹಿಂದಿನ ಸಂಜೆ ಬೀಗ ಬಿದ್ದ ಫ್ಲೋರಿನ ಮೆಟ್ಟಿಲ ಮೇಲೆ ಕೂತು ಸಾಸಿವೆ ಎಣ್ಣೆ ಕಲಸಿದ ಮಂಡಕ್ಕಿ ತಿನ್ನುತ್ತಿದ್ದೆವು. ಅವಳ ಕಣ್ಣಲ್ಲಿ ನೀರು. ಹಸಿಮೆಣಸಿನಕಾಯಿ ಕಚ್ಚಿದಳೇನೋ ಅಂದುಕೊಂಡೆ.

“ನಾಳೆ ‘ರಹಾ’ ಅಂದುಬಿಡ್ಲಾ?”

“ಆಮೇಲೆ ಇಲ್ಲಿ ಏನು ಮಾಡ್ತೀರ? ಪಾತ್ರ ಎಲ್ಲಿದೆ?”

“ಮೇಷ್ಟ್ರ ಹೆಂಡತಿ ಪಾತ್ರ ಖಾಲಿ ಇಲ್ವಾ?”

ನಾಚಿಕೆ ಬಿಟ್ಟು ಮೊದಲ ಸಲ ಏಕವಚನದಲ್ಲಿ ಅಂದೆ: “ಖಾಲಿ ಇದೆ, ಪಾರುಲ್. ನೀನಿಲ್ದೆ ನನ್ನ ಕೈಲಾಗಲ್ಲ. ತಪ್ಪೇ ಹೇಳು.”

“ಹೇಳ್ತೀನಿ. ನಿಮ್ಮಾಣೆ.” ಸಾಸಿವೆ ಎಣ್ಣೆಯ ಬೆರಳಲ್ಲೇ ನನ್ನ ಕೈ ಹಿಡಿದಳು. ನಾನು ಆ ಕೈ ತೊಳೆಯದೆ ಮನೆಗೆ ಹೋದೆ.

ಮಾರನೇ ದಿನ ಬೊಂಬಾಯಿಯವನು ಕುರ್ಚಿ ಎಳಕೊಂಡು ಕೂತ. ನಾನು ಕ್ಯಾಮೆರಾ ಪಕ್ಕ ನಿಂತು ಅವಳ ತುಟಿಯನ್ನೇ ನೋಡುತ್ತಿದ್ದೆ. ಅವಳು ನನ್ನನ್ನು ನೋಡಿದಳು. ಆಮೇಲೆ ದೀಪಗಳು ಹತ್ತಿದವು, ದೀಪಗಳ ಕಡೆ ನೋಡಿದಳು. ಆ ಬೆಳಕು ಮುಖಕ್ಕೆ ಬಿದ್ದರೆ ಅವಳು ಬೇರೆಯೇ ಆಗಿಬಿಡುತ್ತಿದ್ದಳು.

“ಮೈ ಜಾ ರಹೀ ಹೂಂ.”

ಕಾಶಿಯ ಹೆಂಗಸರೂ ಅಷ್ಟು ಚೊಕ್ಕವಾಗಿ ಅನ್ನರು. ಬೊಂಬಾಯಿಯವನು ಎದ್ದು ಬಂದು ನನ್ನ ಬೆನ್ನು ತಟ್ಟಿದ. “ವಾಹ್, ಮಾಸ್ಟರ್‌ಜಿ!”

ಮೇಕಪ್ ಕೋಣೆಯ ಬಾಗಿಲಲ್ಲಿ ಅವಳು ತಲೆ ಎತ್ತಲಿಲ್ಲ. “ನಾಲಿಗೆ ಕೇಳ್ಲಿಲ್ಲ, ಮೇಷ್ಟ್ರೇ,” ಅಂದಳು.

ನಾಲಿಗೆ ಕೇಳಲಿಲ್ಲವೋ, ಮನಸ್ಸು ಕೇಳಲಿಲ್ಲವೋ. ತಿಳಕೊಂಡು ನಾನೇನು ಮಾಡಲಿ?

ಹೌರಾ ಸ್ಟೇಷನ್ನಿನಲ್ಲಿ ಬೊಂಬಾಯಿ ರೈಲು ಹೊರಡೋಕೆ ನಿಂತಿತ್ತು. ಅವಳಮ್ಮ ಒಳಗೆ ಹಾಸಿಗೆ ಬಿಚ್ಚುತ್ತಿದ್ದರು. ನಾನು ತಂದಿದ್ದ ಹೊಸ ಖರ್ಜೂರಬೆಲ್ಲದ ಮಿಠಾಯಿ ಅವಳ ಮಡಿಲಲ್ಲಿ ಹಾಗೇ ಇತ್ತು. ಕಿಟಕಿಯ ಸರಳು ಹಿಡಿದು ನಿಂತೆ.

“ಬರ್ತೀನಿ ಅನ್ನು, ಪಾರುಲ್. ಸುಳ್ಳೇ ಆಗ್ಲಿ.”

ಬಾಯಿ ತೆರೆದಳು. ನಮ್ಮ ಭಾಷೆಯಲ್ಲಿ ಹೋಗ್ತೀನಿ ಅನ್ನೋ ಹಾಗಿಲ್ಲ, ಬರ್ತೀನಿ ಅಂತ ಸುಳ್ಳಾಡೋಕೆ ಅವಳಿಗಾಗಲಿಲ್ಲ. ರೈಲು ಸಿಳ್ಳೆ ಹಾಕಿತು.

“ಮೈ ಜಾ ರಹೀ ಹೂಂ,” ಅಂದಳು.

ಕಿಟಕಿ ಮುಂದೆ ಸರಿಯಿತು. ಪಾಠ ಒಪ್ಪಿಸಿದ ಹುಡುಗಿಯ ಹಾಗೆ ನನ್ನ ಮುಖವನ್ನೇ ನೋಡುತ್ತಿದ್ದಳು.

“ಸರಿಯಾಗಿದೆ,” ಅಂದೆ. ಇನ್ನೇನು ಅನ್ನಲಿ, ಒಂದು ತಪ್ಪೂ ಇರಲಿಲ್ಲ.