ನೀಲಾಂಬಿಕೆ ಸ್ಟೋರ್ಸ್‌ನ ಪಾಲುದಾರ

"ಯಾರ್ರೀ ನನ್ನ ರಿಜಿಸ್ಟರನ್ನ ನೆಲದ ಮೇಲಿಟ್ಟಿದ್ದು?"

ಹುಣಸೂರಿನ ತೆರಿಗೆ ಕಚೇರಿಯಲ್ಲಿ ಅಷ್ಟು ಜೋರಾಗಿ ಯಾರೂ ಮಾತಾಡುತ್ತಿರಲಿಲ್ಲ. ಅದರಲ್ಲೂ ಗುಮಾಸ್ತೆ ನೀಲಾಂಬಿಕೆ!

ಅವಳ ಮೇಜಿನ ಕೆಳಗಿನಿಂದ ಒಂದು ತಲೆ ಮೇಲೆದ್ದಿತು. ಕೂದಲಲ್ಲಿ ಜೇಡರಬಲೆ, ಕೈಯಲ್ಲಿ ವೈರು.

"ನಾನೇ ಕಣ್ರೀ. ಕಂಪ್ಯೂಟರ್ ಇಡೋಕೆ ಮೇಜು ಬೇಕಿತ್ತು. ನಾನು ಮಹದೇವಪ್ರಸಾದ್, ಸಾಫ್ಟ್‌ವೇರ್ ಕಂಪನಿಯವನು."

"ಮತ್ತೆ ನನ್ನ ರಿಜಿಸ್ಟರ್ ಎಲ್ಲಿಗೆ ಹೋಗ್ಬೇಕು?"

"ಇನ್ಮೇಲೆ ಇದರೊಳಕ್ಕೆ," ಎಂದು ಅವನು ಕಂಪ್ಯೂಟರಿನ ನೆತ್ತಿ ತಟ್ಟಿದ.

ಎಷ್ಟು ಸೊಕ್ಕು ಇವನಿಗೆ! ಆದರೂ... ಇಷ್ಟು ವರ್ಷದ ರಿಜಿಸ್ಟರುಗಳನ್ನು ಇವನು ಹೇಗೆ ಒಳಕ್ಕೆ ತಳ್ಳುತ್ತಾನೋ ನೋಡೇಬಿಡೋಣ ಅನ್ನಿಸಿತು ಅವಳಿಗೆ.

ಅದು 2008. ವ್ಯಾಪಾರಿಗಳು ತಿಂಗಳು ತಿಂಗಳೂ ಸಾಲಲ್ಲಿ ನಿಂತು ಕೊಡುತ್ತಿದ್ದ ವ್ಯಾಟ್ ರಿಟರ್ನನ್ನು, ಅಂದರೆ ಮಾರಾಟ ತೆರಿಗೆಯ ಲೆಕ್ಕವನ್ನು, ಕಂಪ್ಯೂಟರಿನಲ್ಲೇ ಸಲ್ಲಿಸಲು ಆಗುತ್ತದೆಯೇ ಎಂದು ಪರೀಕ್ಷಿಸಿ ನೋಡುತ್ತಿದ್ದ ಕಾಲ. ಬೇಕಾದದ್ದನ್ನು ಕಚೇರಿಯವರು ಹೇಳಬೇಕು, ಕಂಪನಿಯವರು ಮಾಡಿಕೊಡಬೇಕು. ಹೇಳುವ ಕೆಲಸವನ್ನು ಅಧಿಕಾರಿ ಗುರುಸ್ವಾಮಿ ನೀಲಾಂಬಿಕೆಯ ತಲೆಗೆ ಕಟ್ಟಿದರು.

ಅವಳು ಇಲ್ಲ ಅನ್ನುವಂತಿರಲಿಲ್ಲ. ಇದೇ ಕಚೇರಿಯಲ್ಲಿದ್ದ ಅಪ್ಪ ಸರ್ವೀಸಿನಲ್ಲೇ ತೀರಿಕೊಂಡಾಗ ಅನುಕಂಪದ ಮೇಲೆ ಸಿಕ್ಕಿದ ಕೆಲಸ ಅದು. ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ. ಒಂದು ಕಪ್ಪು ಚುಕ್ಕೆ ಬಿದ್ದರೂ ಕೆಲಸಕ್ಕೆ ಕುತ್ತು. ಅವ್ವನ ಹೊಲಿಗೆ ಮಿಷನ್ನೊಂದನ್ನೇ ನಂಬಿ ಮನೆ ನಡೆಯುವುದು ಕಷ್ಟವಿತ್ತು.

ಮೊದಲ ವಾರವೇ ಜಗಳ. ತಪ್ಪಾಗಿದ್ದ ಒಂದು ಹೆಸರನ್ನು ಅವನು ಕೀಲಿ ಒತ್ತಿ ಮಾಯ ಮಾಡಿಬಿಟ್ಟ.

"ಅಯ್ಯೋ! ಇಲ್ಲಿದ್ದದ್ದು ಎಲ್ಲಿ ಹೋಯ್ತು?"

"ಅಳಿಸ್ದೆ."

"ಹಾಗೆಲ್ಲ ಅಳಿಸೋ ಹಾಗಿಲ್ಲ!" ಅವಳು ರಿಜಿಸ್ಟರ್ ತೆರೆದು ತೋರಿಸಿದಳು. ತಪ್ಪಾದ ಕಡೆಯೆಲ್ಲ ಕೆಂಪು ಶಾಯಿಯ ಒಂದೇ ಗೆರೆ, ಪಕ್ಕದಲ್ಲಿ ಸಹಿ, ತಾರೀಖು. "ಬ್ಲೇಡಲ್ಲಿ ಕೆರೆಯೋ ಹಾಗಿಲ್ಲ, ಬಿಳಿ ಬಳಿಯೋ ಹಾಗಿಲ್ಲ. ಹೊಡೆದು ಹಾಕಿದ್ದೂ ಓದೋಕೆ ಸಿಗ್ಬೇಕು. ನಮ್ಮಪ್ಪ ಕಲಿಸಿದ್ದು ಇದು."

ಅವನು ಆ ಪುಟವನ್ನು ಬಹಳ ಹೊತ್ತು ನೋಡಿದ. "ಇದನ್ನ ನಮಗೆ ಯಾರೂ ಹೇಳೇ ಇರ್ಲಿಲ್ಲ ಕಣ್ರೀ," ಎಂದ.

ಎರಡು ವಾರದಲ್ಲಿ ಕಂಪ್ಯೂಟರಿನಲ್ಲಿ 'ಚರಿತ್ರೆ' ಎಂಬ ಹೊಸ ಪುಟ ಬಂತು. ಯಾರು ಏನನ್ನು ಸೇರಿಸಿದರು, ಏನನ್ನು ಅಳಿಸಿದರು, ಎಷ್ಟು ಗಂಟೆಗೆ... ಎಲ್ಲವೂ ಅಲ್ಲಿ ಉಳಿಯುತ್ತಿತ್ತು. ನೀಲಾಂಬಿಕೆ ಹೊರಗೆ ಬಿಗುಮಾನದಿಂದ ತಲೆಯಾಡಿಸಿದಳು. ಒಳಗೊಳಗೆ ಹಿಗ್ಗಿಹೋಗಿದ್ದಳು.

ಅವನದು ಮುಗಿಯದ ಪ್ರಶ್ನೆಗಳು. ಈ ಕಾಲಂ ಯಾಕೆ? ಈ ಮೊಹರು ಯಾಕೆ? ಒಂದು ದಿನ ಇದ್ದಕ್ಕಿದ್ದಂತೆ ಕೇಳಿದ, "ನೀವೇ ಒಂದು ಅಂಗಡಿ ಮಡಗಿದ್ರೆ ಏನ್ ಮಾರ್ತಿದ್ರಿ?"

ಮಡಗಿದ್ರೆ? ಮೈಸೂರಿನ ಕಂಪನಿಯವನ ಬಾಯಲ್ಲಿ ಈ ಹಳ್ಳಿ ಮಾತೇ?

"ನಿಮ್ಮೂರು ಯಾವುದು?"

"ಚುಂಚನಕಟ್ಟೆ. ಯಾಕೆ, ಪ್ಯಾಂಟು ನೋಡಿ ಮೋಸ ಹೋದ್ರಾ?"

ಅವಳಿಗೆ ನಗು ತಡೆಯಲಾಗಲಿಲ್ಲ. "ದಾರ, ಗುಂಡಿ, ಲೇಸು ಮಾರ್ತಿದ್ದೆ. ರವಿಕೆಗೆ ಮ್ಯಾಚಿಂಗ್ ದಾರ ಹುಡುಕ್ಕೊಂಡು ನಮ್ಮವ್ವ ಮೈಸೂರು ಬಸ್ ಹತ್ತೋದು ತಪ್ತಿತ್ತು."

ಆಡಿದ್ದು ಅಷ್ಟೇ. ಅವಳು ಅದನ್ನು ಮರೆತೂ ಬಿಟ್ಟಳು.

ನವೆಂಬರಿನಲ್ಲಿ ವ್ಯಾಪಾರಿಗಳನ್ನು ಕರೆಸಿ ಹೊಸ ವ್ಯವಸ್ಥೆ ತೋರಿಸುವ ದಿನ ಬಂತು. ಮಹದೇವಪ್ರಸಾದನನ್ನು ಕಂಪನಿ ಬೆಳಿಗ್ಗೆಯೇ ಪಿರಿಯಾಪಟ್ಟಣಕ್ಕೆ ಕಳಿಸಿತ್ತು. ಕೀಲಿಮಣೆಯ ಮುಂದೆ ನೀಲಾಂಬಿಕೆಯೇ ಕುಳಿತಳು. ಯಾವುದೋ ಅಂಗಡಿ ಹುಡುಕಲು 'ನೀ' ಎಂದು ಒತ್ತಿದಳು. ಎಲ್ಲರಿಗೂ ಕಾಣಲೆಂದು ಇಟ್ಟಿದ್ದ ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ದೊಡ್ಡದಾಗಿ ಮೂಡಿತು:

'ನೀಲಾಂಬಿಕೆ ಸ್ಟೋರ್ಸ್. ದಾರ, ಗುಂಡಿ, ಲೇಸು. ಒಡತಿ: ನೀಲಾಂಬಿಕೆ.'

ಅಕ್ಕಿ ಮಿಲ್ಲಿನ ಮರಿಯಯ್ಯ ಗಟ್ಟಿಯಾಗಿ ನಕ್ಕರು. "ಏನವ್ವಾ, ನೀನೂ ಅಂಗ್ಡಿ ಮಡಗಿದ್ದೀಯಾ? ಒಂದ್ ಮಾತೂ ಏಳ್ನಿಲ್ವಲ್ಲ!"

ಸಭೆಗೆ ಸಭೆಯೇ ನಕ್ಕಿತು. ಗುರುಸ್ವಾಮಿ ಮಾತ್ರ ನಗಲಿಲ್ಲ.

"ಸರ್ಕಾರಿ ನೌಕರರು ವ್ಯಾಪಾರ ಮಾಡೋ ಹಾಗಿಲ್ಲಮ್ಮ," ಎಂದರು ಕೊಠಡಿಗೆ ಕರೆದು. "ಇಷ್ಟು ಜನ ನೋಡಿದ್ದಾರೆ, ನಾನು ಸುಮ್ಮನಿರೋಕಾಗಲ್ಲ. ನಾಳೆಯೊಳಗೆ ವಿವರಣೆ ಬರೆದು ಕೊಡಿ. ಪುರಾವೆ ಸಮೇತ."

ಅವಳು ತನ್ನ ಮೇಜಿಗೆ ಮರಳಿದಳು. ಪ್ರೊಬೇಷನ್... ಅವ್ವ... ಇದೆಲ್ಲ ಅವನದೇ ಕೆಲಸ! ಅಷ್ಟೆಲ್ಲ ಕೇಳಿದ್ದು ನನ್ನನ್ನು ಆಡಿಕೊಳ್ಳುವುದಕ್ಕಾ? ಫೋನ್ ಮಾಡಲು ಮೊಬೈಲ್ ಎತ್ತಿದಳು. ಅಳು ಬಂದೀತೆಂದು ಕೆಳಗಿಟ್ಟಳು.

ಆದರೆ ಕುತೂಹಲ ಸುಮ್ಮನಿರಬೇಕಲ್ಲ! ಎಲ್ಲರೂ ಊಟಕ್ಕೆ ಹೋದ ಮೇಲೆ ತನ್ನದಲ್ಲದ ತನ್ನ ಅಂಗಡಿಯನ್ನು ತೆರೆದಳು. ತಿಂಗಳು ತಿಂಗಳಿಗೂ ರಿಟರ್ನ್ ಸಲ್ಲಿಕೆಯಾಗಿತ್ತು! ಕೊನೆಯ 'ಷರಾ' ಕಾಲಂನಲ್ಲಿ ಏನೇನೋ ಬರೆದಿತ್ತು.

ಜೂನ್: 'ಕೆಂಪು ದಾರ ಖಾಲಿ. ಒಡತಿಗೆ ನನ್ನ ಮೇಲಿನ ಕೋಪ ಪೂರ್ತಿ ಇಳಿದಿಲ್ಲ.'

ಜುಲೈ: 'ಗುಂಡಿ ವ್ಯಾಪಾರ ಪರವಾಗಿಲ್ಲ. ಒಡತಿ ಇವತ್ತು ಮತ್ತೊಂದು ಸಲ ನಕ್ಕರು.'

ಆಗಸ್ಟ್: 'ಒಡತಿ ಜ್ವರದಿಂದ ರಜೆ. ಅಂಗಡಿ ತೆರೆಯಲು ಮನಸ್ಸೇ ಬರಲಿಲ್ಲ.'

ಸಿಟ್ಟಿನಿಂದ ಓದಲು ಕುಳಿತವಳಿಗೆ ಸೆಪ್ಟೆಂಬರಿನಲ್ಲಿ ಏನಾಯಿತೆಂದು ತಿಳಿಯುವ ಆತುರ! ಎಲ್ಲ ಓದಿ ಮುಗಿಸಿ ಕಡೆಗೆ 'ಚರಿತ್ರೆ' ಒತ್ತಿದಳು.

'ಪಾಲುದಾರರು: ಮಹದೇವಪ್ರಸಾದ್. ಸೇರಿಸಿದ್ದು ಸಂಜೆ 5.40. ಅಳಿಸಿದ್ದು ಸಂಜೆ 5.41.'

ಮರುದಿನವೂ ಅದೇ. ಅದರ ಮುಂದಿನ ವಾರವೂ ಅದೇ. ಬೆರಳು ಮಡಚಿ ಎಣಿಸಿದಳು. ಹನ್ನೊಂದು ಸಲ!

ನೀಲಾಂಬಿಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅರ್ಧ ದಿನ ರಜೆ ಬರೆದಿಟ್ಟು ಪಿರಿಯಾಪಟ್ಟಣದ ಬಸ್ ಹತ್ತಿದಳು.

ವಿಷಯ ಕೇಳುತ್ತಿದ್ದಂತೆ ಮಹದೇವಪ್ರಸಾದನ ಮುಖ ಬಿಳಿಚಿಕೊಂಡಿತು.

"ಅದು ಪರೀಕ್ಷೆಗೆ ಅಂತ ಮಾಡಿದ ಸುಳ್ಳು ಅಂಗಡಿ. ಬಾಕಿ ಸುಳ್ಳು ಅಂಗಡಿಗಳನ್ನೆಲ್ಲ ತೆಗೆದೆ. ಇದೊಂದನ್ನ ತೆಗೆಯೋಕೆ ಕೈ ಬರ್ಲಿಲ್ಲ... ತಪ್ಪಾಯ್ತು ಕಣ್ರೀ."

"ನನ್ ಕೆಲಸ ಹೋಗುತ್ತೆ ಅಂತ ಒಂದು ಸಲನಾದ್ರೂ ಯೋಚನೆ ಮಾಡಿದ್ರಾ?"

ಅವನು ಕಂಪನಿಯ ಕಾಗದ ತೆಗೆದು, ಎಲ್ಲ ತಪ್ಪೂ ತನ್ನದೇ ಎಂದು ಬರೆದು ಸಹಿ ಹಾಕಿದ. "ನಾಳೆ ನಾನೇ ಬತ್ತೀನಿ. ಸಾಹೇಬ್ರ ಮುಂದೂ ಹೇಳ್ತೀನಿ, ಮರಿಯಯ್ಯನವರ ಮುಂದೂ ಹೇಳ್ತೀನಿ. ಕಂಪನಿಯವ್ರು ನನ್ನ ತೆಗೆದ್ರೆ ತೆಗೀಲಿ ಬುಡಿ. ನಿಮ್ಮ ಕೆಲಸ ಉಳೀಬೇಕು."

ಬಸ್ ಸ್ಟ್ಯಾಂಡಿನವರೆಗೂ ಜೊತೆಗೆ ಬಂದ. ಅವಳು ಬಸ್ಸಿನೊಳಗೆ ಕುಳಿತ ಮೇಲೆ ಕಿಟಕಿಯ ಬಳಿ ನಿಂತು ಮೆಲ್ಲಗೆ ಕೇಳಿದ.

"ಷರಾ ಓದಿದ್ರಾ?"

"ಓದಿದೆ."

"ಚರಿತ್ರೆ...?"

ಬಸ್ ಹೊರಟಿತು. ಅವಳು ಬೇಕೆಂದೇ ಆಚೆ ಕಡೆಗೆ ಮುಖ ತಿರುಗಿಸಿಕೊಂಡಳು. ಪಾಪ, ಆ ರಾತ್ರಿ ಅವನಿಗೆ ನಿದ್ದೆ ಬಂತೋ ಇಲ್ಲವೋ!

ಮರುದಿನ ಗುರುಸ್ವಾಮಿ ಕಾಗದವನ್ನು ಎರಡು ಸಲ ಓದಿದರು. ಮಹದೇವಪ್ರಸಾದನಿಗೆ ಚೆನ್ನಾಗಿ ಬೈದರು. ಮರಿಯಯ್ಯನವರನ್ನು ಕರೆಸಿ ಅವರೆದುರೇ ಎಲ್ಲ ಹೇಳಿಸಿದರು.

"ಅಯ್ಯೋ, ತಮಾಸೆಗೆ ನಕ್ಕೆ ಕಣವ್ವಾ, ಮನ್ಸಿಗೆ ಮಡೀಕಬ್ಯಾಡ," ಎಂದರು ಮರಿಯಯ್ಯ.

ಕಾಗದ ಫೈಲಿಗೆ ಸೇರಿತು. ನೀಲಾಂಬಿಕೆಯ ಹೆಸರಿನ ಮೇಲೆ ಚುಕ್ಕೆ ಬೀಳಲಿಲ್ಲ. "ಇವನನ್ನ ಇಟ್ಕೊಳ್ಳೋದು ಬಿಡೋದು ಕಂಪನಿಗೆ ಸೇರಿದ್ದು. ನಾನಂತೂ ಕೆಲಸ ಚೆನ್ನಾಗಿ ಮಾಡ್ತಾನೆ ಅಂತಲೇ ಬರೀತೀನಿ," ಎಂದರು ಗುರುಸ್ವಾಮಿ. "ಹೋಗಮ್ಮ, ಆ ಅಂಗಡಿ ತೆಗೆದುಹಾಕು. ಕಾರಣ ಬರೆಯೋದು ಮರೀಬೇಡ."

ಅವಳು ಮೇಜಿನ ಮುಂದೆ ಕುಳಿತಳು. ಅವನು ಹಿಂದೆ ತಲೆ ತಗ್ಗಿಸಿ ನಿಂತಿದ್ದ.

"ಹನ್ನೊಂದು ಸಲ," ಎಂದಳು ಅವಳು, ತಿರುಗಿ ನೋಡದೆ.

"ನಾನೇ ಬರೆದ ಪ್ರೋಗ್ರಾಂ ನನ್ನನ್ನೇ ಹಿಡ್ಕೊಡ್ತು."

"ಯಾಕೆ ಅಳಿಸ್ತಿದ್ರಿ?"

"ಒಡತೀನ ಕೇಳದೆ ಪಾಲುದಾರ ಆಗೋಕಾಗುತ್ತಾ? ಕೇಳೋಕೆ ಧೈರ್ಯ ಸಾಲ್ದು..."

ಅವಳ ಬೆರಳು ಕೀಲಿಗಳ ಮೇಲೆ ಓಡಿತು. 'ಕಾರಣ' ಎಂಬಲ್ಲಿ ಅಕ್ಷರಗಳು ಮೂಡಿದವು: 'ಅಂಗಡಿ ಸುಳ್ಳು. ಪಾಲುದಾರರು ನಿಜ.'

ಅವನು ತಲೆಯೆತ್ತಿ ಅದನ್ನು ಓದಿದ.

ಅವಳು ಅದನ್ನು ಉಳಿಸಿದಳು. ಒಂದು ನಿಮಿಷ ಬಿಟ್ಟು ಅಳಿಸಿ, 'ಪರೀಕ್ಷೆಗಾಗಿ ಮಾಡಿದ ನಮೂದು' ಎಂದು ಬರೆದಳು.

"ಅಳಿಸಿದ್ರೂ ಚರಿತ್ರೇಲಿ ಕಾಣುತ್ತೆ ಕಣ್ರೀ," ಎಂದ ಅವನು.

"ಕಾಣ್ಲಿ ಬಿಡಿ," ಎಂದಳು ನೀಲಾಂಬಿಕೆ. "ಅದಕ್ಕೇ ಅಲ್ವಾ ಬರೆದದ್ದು?"